ಕಲಾಯಿ ಚಾಚಾರ ಮೂಗು

ಅವರಿಗೆ ಹುಬ್ಬುಗಳಿರಲಿಲ್ಲ. ಹಣೆ ಎಲ್ಲಿ ಮುಗಿದು ಕಣ್ಣು ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವ ಗೆರೆಯೇ ಆ ಮುಖದ ಮೇಲಿರಲಿಲ್ಲ. ಹೀಗಾಗಿ ಅವರು ಯಾವ ಹೊತ್ತಿನಲ್ಲಿ ನೋಡಿದರೂ ಈಗಷ್ಟೇ ನಿದ್ದೆಯಿಂದ ಎದ್ದು ಏನನ್ನೋ ಕಂಡು ಬೆರಗಾದವರಂತೆ ಕಾಣುತ್ತಿದ್ದರು. ಸಿಟ್ಟು ಬಂದರೂ ಬೆರಗು, ನಕ್ಕರೂ ಬೆರಗು. ಮದುವೆಯಾಗಿ ಸೋನ್ಯಾಳದಿಂದ ಕುಣಿಕೋಣೂರಿಗೆ ಬಂದ ಹೊಸತರಲ್ಲಿ ಆ ಮುಖ ನೋಡಿದರೆ ನನಗೆ ಅಂಜಿಕೆಯಾಗುತ್ತಿತ್ತು. ಎಂಟು ದಿನಕ್ಕೆ ಅಂಜಿಕೆ ಹೋಯಿತು. ತಿಂಗಳು ತುಂಬುವಷ್ಟರಲ್ಲಿ ಆ ಊರಿನಲ್ಲಿ ನಾನು ಹುಡುಕಿಕೊಂಡು ಹೋಗಿ ನೋಡುವ ಮುಖ ಅದೊಂದೇ ಆಗಿತ್ತು. ನನ್ನ ಗಂಡ ಇದನ್ನು ಓದಿದ್ದರೆ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದರು. ಈಗ ಅವರೂ ಇಲ್ಲ, ಖರೆ ಮಾತು ಬರೆಯಲು ಅಡ್ಡಿಯಿಲ್ಲ.

ಊರಿಗೆಲ್ಲ ಅವರು ಕಲಾಯಿಯವರು. ನನಗೆ ಕಲಾಯಿ ಚಾಚಾ. ನಮ್ಮ ಮನೆಯ ಎದುರಿಗೆ, ಓಣಿಯ ಆಚೆ ಬದಿಗೆ, ಒಂದು ಬೇವಿನ ಮರ. ಅದರ ಬುಡದಲ್ಲಿ ನೆಲ ಅಗೆದು ಮಾಡಿದ ಒಲೆಗುಂಡಿ. ಗುಂಡಿಯ ಒಂದು ಕಡೆ ಚಾಚಾ, ಇನ್ನೊಂದು ಕಡೆ ತೊಗಲಿನ ತಿದಿ ಒತ್ತುತ್ತ ಅವರ ಹೆಂಡತಿ, ಚಾಚಿ. ಸುತ್ತಲಿನ ಹಳ್ಳಿಗಳ ತಾಮ್ರ ಹಿತ್ತಾಳೆಯ ಕೊಡ, ಹಂಡೆ, ಬೋಗುಣಿಗಳೆಲ್ಲ ಕಪ್ಪಗೆ ಕಿಲುಬು ಹಿಡಿದು ಆ ಮರದ ಕೆಳಗೆ ಬಂದು ಕೂಡುತ್ತಿದ್ದವು, ಬೆಳ್ಳಗೆ ಹೊಳೆಯುತ್ತ ಮನೆಗೆ ಹೋಗುತ್ತಿದ್ದವು. ಕಾದ ಪಾತ್ರೆಯೊಳಗೆ ಚಾಚಾ ಒಂದು ಚಿಟಿಕೆ ನವಸಾಗರದ ಪುಡಿ ಉದುರಿಸಿದರೆ ಬಿಳೀ ಹೊಗೆ ಏಳುತ್ತಿತ್ತು. ಆ ಹೊಗೆಯೊಳಗೇ ಕೈಯಿಟ್ಟು, ತವರದ ಕಡ್ಡಿ ಎಳೆದು, ಅರಳೆಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಮುಗಿಯಿತು. ಆಮೇಲೆ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕುತ್ತಿದ್ದರು. ಒಳಗೆ ಹುಬ್ಬಿಲ್ಲದ ತಮ್ಮ ಮುಖ ಕಂಡರೆ ಕಲಾಯಿ ಚಲೋ ಬಂದಿದೆ ಎಂದು ಲೆಕ್ಕ.

ಮೂವತ್ತು ವರ್ಷ ಆ ಬಿಳೀ ಹೊಗೆಯನ್ನು ಉಸಿರಾಡಿ ಚಾಚಾರ ಮೂಗು ಸತ್ತುಹೋಗಿತ್ತು. ನನಗೆ ಅದು ತಿಳಿದದ್ದು ಹಾಲಿನಿಂದ. ಒಂದು ದಿನ ಬೆಳಗಿನ ಹೊತ್ತು ನಾನು ನಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಚಾಚಾರ ಮನೆಯಿಂದ ಹಾಲು ಸೀಯುವ ವಾಸನೆ ಬಂತು. ಚಾಚಿ ಎಲ್ಲಿಗೋ ಹೋಗಿದ್ದರು. ಚಾಚಾ ಬಾಗಿಲಲ್ಲೇ ಕೂತು ಬೀಡಿ ಸೇದುತ್ತಿದ್ದಾರೆ, ಬೆನ್ನ ಹಿಂದೆ ಹಾಲು ಸುಟ್ಟು ಕರಕಾಗುತ್ತಿದೆ, ಮನುಷ್ಯನಿಗೆ ಖಬರಿಲ್ಲ! ಹೊಸ ಸೊಸೆ ಓಣಿ ದಾಟಿ ಹೋಗಬಾರದು ಎಂಬುದನ್ನು ಮರೆತು ನಾನು ಓಡಿಹೋಗಿ ಗಡಿಗೆ ಇಳಿಸಿದೆ. ಚಾಚಾ ಸುಟ್ಟ ಗಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಇಲ್ಲಿಂದ ಅಲ್ಲಿಯ ತನಕ ವಾಸನೆ ಬಂತೇ ಎಂದು ಕೇಳಿದರು. ಹೌದೆಂದೆ. ಇನ್ನೇನೇನು ಬರುತ್ತದೆ ಎಂದು ಕೇಳಿದರು.

ಆ ದಿನದಿಂದ ಅದೊಂದು ರೂಢಿಯೇ ಆಯಿತು. ಕಲಾಯಿಗೆ ಪಾತ್ರೆ ಕೊಡುವ ನೆವದಲ್ಲಿ, ಇಸಿದುಕೊಳ್ಳುವ ನೆವದಲ್ಲಿ, ಬೆಂಕಿ ಕೇಳುವ ನೆವದಲ್ಲಿ ನಾನು ಬೇವಿನ ಮರದ ಕೆಳಗೆ ಹೋದಾಗಲೆಲ್ಲ ಚಾಚಾ ಕೇಳುತ್ತಿದ್ದರು: "ಏನ್ ವಾಸನಿ ಬಂತು ಮಗಳ, ಇವತ್ತ?"

ನಾನು ಹೇಳುತ್ತಿದ್ದೆ. ಊರ ಅಗಸಿಯಾಚೆಯ ಹೊಲದಲ್ಲಿ ಯಾರೋ ಸೀತನಿ ಸುಡುತ್ತಿದ್ದಾರೆ, ಎಳೇ ಜೋಳದ ಹಾಲು ಕೆಂಡಕ್ಕೆ ಬಿದ್ದು ಸಿಹಿಯಾಗಿ ಬರುತ್ತಿದೆ. ಮಾಡಗ್ಯಾಳದ ಕುರಿಹಿಂಡು ಈ ಕಡೆ ಹಾಯ್ದು ಹೋಗಿರಬೇಕು, ತೊಯ್ದ ಉಣ್ಣೆಯ ವಾಸನೆ ಇನ್ನೂ ಓಣಿಯಲ್ಲಿ ನಿಂತಿದೆ. ನಮ್ಮತ್ತೆ ಕುಸುಬೆ ಹುರಿಯುತ್ತಿದ್ದಾರೆ. ಚಾಚಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಇಕ್ಕಳದಲ್ಲಿ ಹಿಡಿದ ಪಾತ್ರೆ ಕೆಂಪಾಗುತ್ತಿದ್ದರೂ ಕಣ್ಣು ತೆರೆಯುತ್ತಿರಲಿಲ್ಲ, ಚಾಚಿ ಬೈಯಬೇಕಾಗುತ್ತಿತ್ತು. ಆ ಮಧ್ಯಾಹ್ನಗಳು ಈಗ ನನಗೆ ಕನಸಿನ ಹಾಗೆ ನೆನಪಾಗುತ್ತವೆ. ಬೇವಿನ ನೆರಳು ನೆಲದ ಮೇಲೆ ಹೊಯ್ದಾಡುತ್ತಿತ್ತು, ತಿದಿ ಉಸಿರು ಬಿಡುತ್ತಿತ್ತು, ಬಿಳೀ ಹೊಗೆ ಎಲೆಗಳೊಳಗೆ ಹೋಗಿ ಕರಗುತ್ತಿತ್ತು, ಹದಿನೆಂಟು ವರ್ಷದ ನಾನು ಇಡೀ ಊರನ್ನು ಉಸಿರಿನೊಳಗೆ ಎಳೆದು ಒಬ್ಬ ಮನುಷ್ಯನಿಗೆ ಒಪ್ಪಿಸುತ್ತಿದ್ದೆ.

ಒಂದು ಮಾತು ಮಾತ್ರ ಚಾಚಾ ಪ್ರತಿ ಸಲ ಹೇಳುತ್ತಿದ್ದರು. ನಾನು ಏನೇ ವಾಸನೆ ಹೇಳಿದರೂ, "ಇನ್ನೊಮ್ಮಿ ನೋಡು" ಎನ್ನುತ್ತಿದ್ದರು. ನಾನು ಮತ್ತೆ ಉಸಿರೆಳೆದು, ಹೌದು ಎಂದರೆ ಮಾತ್ರ ಒಪ್ಪುತ್ತಿದ್ದರು. ಸೀತನಿಗೂ ಎರಡು ಸಲ, ಕುಸುಬೆಗೂ ಎರಡು ಸಲ. ಇದೆಂಥ ಹಟ ಎಂದು ನಾನು ನಗುತ್ತಿದ್ದೆ.

ನಾನು ಬಂದ ಮರುವರ್ಷ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂತು. ಸಂಸ್ಥಾನ ಹೋಗಿ ನಮ್ಮ ಜತ್ತ ಮುಂಬಯಿ ಪ್ರಾಂತಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಕೃಷ್ಣಾ ದಂಡೆಯ ಯಾವುದೋ ತೋಟದವರು ಓಡಿಸಿ ಓಡಿಸಿ ಸಾಕಾಗಿ ಬಿಟ್ಟ ಹಳೇ ಗಾಡಿ ಅದು. ಹಿಂದಿನ ಗಾಲಿಗಳು ಕಬ್ಬಿಣದವು, ಮೈತುಂಬ ಹಲ್ಲು. ಅದು ಓಣಿಯಲ್ಲಿ ಬಂದರೆ ಮಾಡದೊಳಗಿನ ಪಾತ್ರೆಗಳು ಮಾತಾಡುತ್ತಿದ್ದವು. ನಮ್ಮ ಕರಿನೆಲದಲ್ಲಿ ಕರಿಕೆ ಹುಲ್ಲು ಬೇರು ಬಿಟ್ಟು, ಎತ್ತಿನ ನೇಗಿಲಿಗೆ ಬಗ್ಗದೆ, ಎರಡು ಹೊಲ ಬೀಳು ಬಿದ್ದಿದ್ದವು. ಆ ಬೇರು ಕೀಳಿಸಲೆಂದು ಮಾವನವರು ಗಾಡಿ ತಂದಿದ್ದರು. ಓಡಿಸುವವರು ನಮ್ಮವರು. ಮದುವೆಯಾಗಿ ವರ್ಷ ತುಂಬಿತ್ತು, ಗಾಡಿ ಬಂದ ಮೇಲೆ ನಮ್ಮವರ ಮೈಯಿಂದ ನನಗೆ ಬಂದ ವಾಸನೆಯೆಂದರೆ ಚಿಮಣಿ ಎಣ್ಣೆಯದೇ.

ಗಾಡಿಯ ಎಣ್ಣೆ ಟಾಕಿಯ ವಿಷಯ ಸ್ವಲ್ಪ ಹೇಳಬೇಕು. ಅದರೊಳಗೆ ತಗಡಿನ ಒಂದು ಅಡ್ಡಗೋಡೆ. ಒಂದು ಕಡೆಯ ಸಣ್ಣ ಪಾಲಿನಲ್ಲಿ ಪೆಟ್ರೋಲು, ಗಾಡಿ ಚಾಲೂ ಮಾಡುವುದಕ್ಕೆ. ಇನ್ನೊಂದು ಕಡೆ ಚಿಮಣಿ ಎಣ್ಣೆ, ಗಾಡಿ ಬಿಸಿಯಾದ ಮೇಲೆ ಓಡುವುದಕ್ಕೆ. ಪೆಟ್ರೋಲಿನ ಕಡೆ, ಕೆಳಗಿನ ಬೆಸುಗೆ ಬಿಟ್ಟು ಚಾಕುವಿನ ಅಲಗು ಹೋಗುವಷ್ಟು ಸಂದಿ ಬಿದ್ದಿತ್ತು. ಅಲ್ಲಿಂದ ಹನಿ ಹನಿಯಾಗಿ ಸೋರುತ್ತಿತ್ತು. ಮಾವನವರು ತಾವೇ ಮದ್ದು ಹುಡುಕಿದರು. ಅತ್ತೆಯ ಹಳೇ ಸೀರೆಯ ಚೂರನ್ನು ಬೆಲ್ಲ ಸುಣ್ಣ ಕಲಸಿದ ಅಂಟಿನಲ್ಲಿ ಅದ್ದಿ, ಚಾಕುವಿನ ತುದಿಯಿಂದ ಸಂದಿಯೊಳಗೆ ತುರುಕಿ, ಮೇಲೆ ಅದೇ ಅಂಟನ್ನು ದಪ್ಪಗೆ ಬಳಿದರು. ಸೋರುವುದು ನಿಂತೇ ಹೋಯಿತು! ಬೆಲ್ಲ ಎಣ್ಣೆಯಲ್ಲಿ ಕರಗುವುದಿಲ್ಲ, ನೋಡಿ. ನಾಲ್ಕು ತಿಂಗಳು ಗಾಡಿ ಹಾಗೆಯೇ ಓಡಿತು. ಮಿರಜದ ಮಿಸ್ತ್ರಿಗಳ ಕಣ್ಣಿಗೂ ಬೀಳದ ಉಪಾಯ ಎಂದು ಮಾವನವರು ಕಟ್ಟೆಯ ಮೇಲೆ ಕೂತು ಹೇಳಿದ್ದೇ ಹೇಳಿದ್ದು.

ಆಮೇಲೆ ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬ. ಎತ್ತಿನ ಮೈ ತೊಳೆದು, ಕೋಡಿಗೆ ಕೆಂಪನೆಯ ಹುರಮಂಜು ಬಳಿದು, ಕೋಡಬಳೆ ಕಟ್ಟಿದ್ದಾಯಿತು. ಎರಡು ಹೊಲ ಹಸನು ಮಾಡಿಕೊಟ್ಟ ಟ್ರ್ಯಾಕ್ಟರನ್ನು ಹಾಗೇ ಬಿಡಲು ಮಾವನವರಿಗೆ ಮನಸ್ಸಾಗಲಿಲ್ಲ. ಬಾವಿಯಿಂದ ಇಪ್ಪತ್ತು ಕೊಡ ನೀರು ಹೊರಿಸಿ ಅದರ ಮೈಮೇಲೆ ಸುರಿಸಿದರು. ಹೊಟ್ಟೆಯ ಕೆಳಗೆಲ್ಲ ಕೈಹಾಕಿ, ಎತ್ತಿಗೆ ಉಜ್ಜಿದ ಹಾಗೆಯೇ ತೆಂಗಿನ ನಾರಿನಿಂದ ಉಜ್ಜಿದರು. ಎರಡು ದೀಪದ ಬುರುಡೆಗಳಿಗೆ ಹುರಮಂಜು ಬಳಿದು ಕೋಡಬಳೆ ತೂಗಿಬಿಟ್ಟರು. ಬೆಲ್ಲ ನೀರಿನಲ್ಲಿ ಕರಗುತ್ತದೆ ಎಂಬುದು ಆ ಮನೆಯಲ್ಲಿ ಹೋಳಿಗೆ ಮಾಡುವ ಹೆಂಗಸರಿಗೆಲ್ಲ ಗೊತ್ತಿತ್ತು. ನಮ್ಮನ್ನು ಕೇಳಿದವರು ಯಾರು?

ಆರತಿ ಮಾಡಲು ನನ್ನನ್ನೇ ಕರೆದರು. ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಹೋದವಳು ನಿಂತುಬಿಟ್ಟೆ. ಹುರಮಂಜು, ಊದಿನಕಡ್ಡಿ, ತೊಯ್ದ ಮಣ್ಣು, ಈ ಎಲ್ಲದರ ಅಡಿಯಿಂದ ತೆಳ್ಳಗೆ, ಹಲ್ಲು ಚುಳ್ಳೆನ್ನುವಂತೆ ಒಂದು ವಾಸನೆ ಬಂತು. ಹಿಂದೆ ಸರಿದು ದೀಪ ಊದಿ ಆರಿಸಿದೆ. ಹಬ್ಬದ ದಿನ ಸೊಸೆ ಆರತಿಯ ದೀಪ ಆರಿಸಿದಳು! ಅತ್ತೆ ನನ್ನ ರಟ್ಟೆ ಹಿಡಿದರು. ಆಗಲೇ ನಮ್ಮವರು ಬಗ್ಗಿ ನೋಡಿದರು. ಟಾಕಿಯ ಕೆಳಗೆ ಬೆಲ್ಲದ ನೀರು, ಅದರ ಜೊತೆಗೆ ಪೆಟ್ರೋಲು, ಧಾರೆಯಾಗಿ ಇಳಿಯುತ್ತಿತ್ತು.

ಮರುದಿನವೇ ಮಾವನವರು ಕಲಾಯಿ ಚಾಚಾರನ್ನು ಕರೆಸಿದರು. ಟಾಕಿ ಬಿಚ್ಚಿ ಕೊಡುತ್ತೇವೆ, ಬೆಸುಗೆ ಹಾಕಿ ಎಂದರು. ಚಾಚಾ ಟಾಕಿಯನ್ನು ದೂರದಿಂದಲೇ ನೋಡಿ, ಇದು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಹೋಗಿಬಿಟ್ಟರು. ಮತ್ತೆ ಕರೆಕಳಿಸಿದರೂ ಅದೇ ಮಾತು. ನೀರಿನ ಪಾತ್ರೆ, ಹಾಲಿನ ಪಾತ್ರೆ ಎಷ್ಟು ಬೇಕಾದರೂ ತನ್ನಿ, ಎಣ್ಣೆಯ ಡಬ್ಬಿ ಮುಟ್ಟುವುದಿಲ್ಲ. ಒಂದು ಹದ ಮಳೆಯಾಗಿತ್ತು. ಮೂರನೆಯ ಹೊಲದ ಕರಿಕೆ ತಲೆಯೆತ್ತುತ್ತಿತ್ತು. ಮಾವನವರ ಸಿಟ್ಟು ನೆತ್ತಿಗೇರಿತು. ನಮ್ಮವರಿಗೆ ಇಪ್ಪತ್ತೆರಡು ವರ್ಷ, ಬಿಸಿರಕ್ತ. ಇದರಲ್ಲಿ ಅಂಥಾದ್ದೇನಿದೆ, ಬೆಸುಗೆಯ ಸಲಾಕೆ ಕಾಯಿಸಿ ನಾಳೆ ನಾನೇ ಹಚ್ಚುತ್ತೇನೆ ಎಂದರು. ಊಟಕ್ಕೆ ಕೂತಾಗ ಹೇಳಿದ ಮಾತು. ನನಗೆ ಅದರಲ್ಲಿ ಅಂಜುವಂಥದ್ದು ಏನಿದೆಯೆಂದು ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಸುಮ್ಮನೆ ಮಾತಿಗೆ ಮಾತು ಬಂದು ಚಾಚಾರ ಮುಂದೆ ಹೇಳಿದೆ.

ಚಾಚಾರ ಕೈಯೊಳಗಿನ ಹಂಡೆ ನೆಲಕ್ಕೆ ಬಿತ್ತು. ಅವರು ಚಪ್ಪಲಿ ಕೂಡ ಮೆಟ್ಟದೆ ಓಣಿ ದಾಟಿ ನಮ್ಮ ಅಂಗಳಕ್ಕೆ ನಡೆದರು. ನಮ್ಮವರು ಟಾಕಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಕುಳ್ಳಿನ ಬೆಂಕಿಯಲ್ಲಿ ಸಲಾಕೆ ಕಾಯುತ್ತಿತ್ತು. ಚಾಚಾ ಕೊಡ ಎತ್ತಿ ಆ ಬೆಂಕಿಗೆ ನೀರು ಸುರಿದರು. ಆಮೇಲೆ ಟಾಕಿಯನ್ನು ಕಸಿದುಕೊಂಡು, "ನಾ ಮಾಡ್ತೀನಿ. ನನ್ನ ರೀತಿಲೆ ಮಾಡ್ತೀನಿ. ಗಡಿಬಿಡಿ ಮಾಡಂಗಿಲ್ಲ" ಎಂದರು.

ಅವರ ರೀತಿಯೆಂದರೆ ಇದು. ಮೊದಲು ಟಾಕಿಯನ್ನು ಕುದಿಯುವ ನೀರು, ಧೋಬಿ ಸೋಡಾ, ಒಲೆಯ ಬೂದಿ ಹಾಕಿ ಕುಲುಕಿ ಕುಲುಕಿ ಏಳು ಸಲ ತೊಳೆದರು. ಬಾಯಿ ಕೆಳಗೆ ಮಾಡಿ ದಿನವಿಡೀ ಬಿಸಿಲಿಗಿಟ್ಟರು. ಇಳಿಹೊತ್ತಿಗೆ ಮಾವನವರು ಬಂದು ಮೂಸಿದರು, ನಮ್ಮವರು ಮೂಸಿದರು, ಇಬ್ಬರೂ ಏನೂ ಇಲ್ಲ, ಹಚ್ಚಿ ಬೆಂಕಿ ಎಂದರು. ಚಾಚಾ ತಲೆಯಲ್ಲಾಡಿಸಿದರು. ನಿಮ್ಮ ಸೊಸೆಯನ್ನು ಕರೆಯಿರಿ ಎಂದರು.

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರಿಗೆ ಬಾಯಿ ಬಿಡುವ ಪದ್ಧತಿ ಇರಲಿಲ್ಲ. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಂದು ನಿಂತೆ. ಚಾಚಾ ಟಾಕಿಯ ಬಾಯನ್ನು ನನ್ನ ಕಡೆ ತಿರುಗಿಸಿದರು. ಸೆರಗು ಸರಿಸಿ ಮೂಸಿದೆ. ಬೂದಿಯ ವಾಸನೆ, ಕಾದ ತಗಡಿನ ವಾಸನೆ. ಎರಡನೆಯ ಸಲ ಮೂಸಿದೆ. ಆಳದಲ್ಲಿ, ತೀರ ಆಳದಲ್ಲಿ, ಆರತಿಯ ದಿನ ಬಂದಿದ್ದ ಅದೇ ಚುಳ್ಳೆನ್ನುವ ವಾಸನೆ ಇತ್ತು. ಇದೆ ಎಂದು ತಲೆಯಾಡಿಸಿದೆ.

ಎರಡನೆಯ ದಿನ ಮತ್ತೆ ಏಳು ಸಲ ತೊಳೆದು ಬಿಸಿಲಿಗಿಟ್ಟದ್ದಾಯಿತು. ಓಣಿಯ ನಾಲ್ಕು ಮಂದಿ ಮೂಸಿ ಏನೂ ಇಲ್ಲವೆಂದರು. ನಾನು ಮೂಸಿದೆ, ಮತ್ತೆ ಇದೆ ಎಂದೆ. ಮಾವನವರಿಗೆ ತಡೆಯಲಾಗಲಿಲ್ಲ.

"ಹೆಣ್ಣುಡಿಗಿ ಮೂಗಿನ ಮ್ಯಾಲೆ ನನ್ನ ಹೊಲಾ ನಿಂತೈತೇನು?" ಎಂದರು.

"ಹೊಲ ಅಲ್ಲರಿ ಸಾವಕಾರ್ರ," ಎಂದರು ಚಾಚಾ, ದನಿ ಏರಿಸದೆ. "ನಾ ನಿಂತೀನಿ."

ಮಾವನವರು ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅತ್ತೆ ನನ್ನನ್ನು ಒಳಗೆ ಕರೆದು ಬೈದರು. ಗಂಡಸರಿಗೆ ಬಾರದ ವಾಸನೆ ನಿನಗೊಬ್ಬಳಿಗೇ ಹೇಗೆ ಬರುತ್ತದೆ, ಊರಮುಂದೆ ಹಿರಿಯರ ಮಾತು ಕೆಳಗಿಡುವುದು ಸೋನ್ಯಾಳದವರ ರೀತಿಯೇ ಎಂದರು. ಅಷ್ಟರಲ್ಲಿ ನನಗೇ ಒಂದು ಅನುಮಾನ ಹೊಕ್ಕಿತ್ತು.

ಆಗ ನನಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ. ಬಾವಿಯ ನೀರಿಗೂ ವಾಸನೆ, ಹೊಸ ಬಟ್ಟೆಗೂ ವಾಸನೆ, ಬಿಸಿರೊಟ್ಟಿಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ವಾಸನೆ ಟಾಕಿಯೊಳಗಿದೆಯೋ ನನ್ನೊಳಗಿದೆಯೋ? ಇಲ್ಲದ್ದನ್ನು ಇದೆ ಎನ್ನುತ್ತಿದ್ದರೆ ಮಾವನವರ ಸಿಟ್ಟು ಖರೆ, ನಾನು ಹೊಲ ಕೆಡಿಸಿದವಳು. ನನ್ನ ಮೂಗು ಹುಚ್ಚಾಗಿದೆಯೆಂದು ಅದನ್ನು ನಂಬದೆ ನಾಳೆ ಇಲ್ಲ ಎಂದುಬಿಟ್ಟರೆ, ಮತ್ತು ಅದು ಇದ್ದರೆ? ಬೆಂಕಿಯ ಮುಂದೆ ಕೂಡುವವರು ಚಾಚಾ. ತಂದೆತಾಯಿ ಬಿಟ್ಟು ಬಂದ ಊರಿನಲ್ಲಿ ನನ್ನನ್ನು ದಿನಾ ಏನಾದರೂ ಕೇಳುತ್ತಿದ್ದವರು ಅವರೊಬ್ಬರೇ. ಆ ಸಂಜೆ ನಾನು ದನದ ಕೊಟ್ಟಿಗೆಯಲ್ಲಿ ನಿಂತು ಅತ್ತೆ.

ಮೂರನೆಯ ದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಹೋಗಿ ಹೇಳಿಬಿಟ್ಟೆ. "ಚಾಚಾ, ನನ್ನ ಮೂಗು ನಂಬಬ್ಯಾಡ್ರಿ. ಈಗ ನನಗ ಎಲ್ಲಾದರಾಗೂ ವಾಸನಿ ಬರತೈತಿ. ಇಲ್ಲದ್ದೂ ಬರತಿರಬೇಕು."

ಚಾಚಿ ತಿದಿಯ ಮೇಲಿನ ಕೈ ತೆಗೆದರು. ಹೆಂಗಸರಿಗೆ ಅಷ್ಟು ಮಾತು ಸಾಕು. ಎದ್ದು ಬಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಚಾಚಾಗೂ ತಿಳಿಯಿತು. ಹೀಗೆ, ನಾನು ತಾಯಿಯಾಗುವ ಸುದ್ದಿ ನನ್ನ ಗಂಡನಿಗಿಂತ ಮೊದಲು, ಅತ್ತೆಗಿಂತ ಮೊದಲು, ಆ ಒಲೆಗುಂಡಿಯ ಪಕ್ಕದಲ್ಲಿ ಕೂತ ಇಬ್ಬರಿಗೆ ತಿಳಿಯಿತು. ಚಾಚಾ ನನಗೆ ಕುಂದರಲು ಹೇಳಿದರು. ಆಮೇಲೆ, ಬೂದಿಯಲ್ಲಿ ಕಡ್ಡಿಯಿಂದ ಗೆರೆ ಎಳೆಯುತ್ತ, ಹುಬ್ಬಿನ ಕಥೆ ಹೇಳಿದರು.

ಅವರಿಗೊಬ್ಬ ತಮ್ಮ ಇದ್ದನಂತೆ. ಯುದ್ಧದ ವರ್ಷಗಳಲ್ಲಿ ಅಣ್ಣತಮ್ಮ ಇಬ್ಬರೂ ಊರೂರು ತಿರುಗಿ ಕಲಾಯಿ, ಬೆಸುಗೆ ಮಾಡುತ್ತಿದ್ದರು. ಒಂದೂರಿನಲ್ಲಿ ಯಾರೋ ಲಾರಿಯ ಪೆಟ್ರೋಲಿನ ಪೀಪಾಯಿ ತಂದು ಕೊಟ್ಟು, ತಲೆಯ ಮೇಲೆ ನಿಂತು ಗಡಿಬಿಡಿ ಮಾಡಿದರು. ಚಾಚಾ ತೊಳೆದರು, ಮೂಸಿದರು, ವಾಸನೆ ಹೋಗಿದೆ ಎಂದರು. ಅಣ್ಣನ ಮಾತು ನಂಬಿ ತಮ್ಮ ಸಲಾಕೆ ಹಚ್ಚಿದ. ಹತ್ತು ಹೆಜ್ಜೆ ದೂರ ಇದ್ದ ಚಾಚಾರ ಹುಬ್ಬು ಹೋದವು. ತಮ್ಮ ಉಳಿಯಲಿಲ್ಲ.

"ನನ್ನ ಮೂಗು ಸತ್ತದ್ದು ನನಗ ಗೊತ್ತಾಗಿದ್ದು ಅವತ್ತ," ಎಂದರು ಚಾಚಾ. "ಸತ್ತ ಮೂಗು ತಾ ಸತ್ತೀನಿ ಅಂತ ಹೇಳಂಗಿಲ್ಲ ಮಗಳ. ನನಗ ಅವತ್ತ ಸಂಶೆನ ಬರ್ಲಿಲ್ಲ. ನಿನಗ ಬಂದೈತಿ. ಸಂಶೆ ಇರೂ ಮೂಗು ನನಗ ಸಾಕು. ನಡಿ, ಇನ್ನೊಮ್ಮಿ ನೋಡು."

ಸೀತನಿಗೂ ಕುಸುಬೆಗೂ ಅವರು ಹಚ್ಚುತ್ತಿದ್ದ ಆ ಮಾತಿನ ಹಿಂದೆ ಏನಿತ್ತೆಂದು ನನಗೆ ಆಗ ತಿಳಿಯಿತು. ನಕ್ಕದ್ದಕ್ಕೆ ನಾಚಿಕೆಯಾಯಿತು.

ನಾನು ಟಾಕಿಯ ಹತ್ತಿರ ಹೋದೆ. ಈ ಸಲ ಬಾಯಿಗೆ ಮೂಗಿಟ್ಟು ಸುಮ್ಮನಾಗಲಿಲ್ಲ. ಕಣ್ಣು ಮುಚ್ಚಿ, ಅದರ ಒಂದೊಂದು ಮೂಲೆಯನ್ನೂ ಹೊರಗಿನಿಂದ ಮೂಸುತ್ತ ಹೋದೆ. ಮಂದಿ ನಗುತ್ತಿದ್ದರೆಂದು ಆಮೇಲೆ ಯಾರೋ ಹೇಳಿದರು, ನನಗೆ ಕೇಳಿಸಲಿಲ್ಲ. ಬಾಯಿಯ ಹತ್ತಿರ ಏನೂ ಇಲ್ಲ. ಚಿಮಣಿ ಎಣ್ಣೆಯ ಕಡೆ ಏನೂ ಇಲ್ಲ. ಕೆಳಗಿನ ಸಂದಿಯ ಹತ್ತಿರ, ಅಡ್ಡಗೋಡೆ ನೆಲ ಕೂಡುವ ಮೂಲೆಯಲ್ಲಿ, ಅದು ಕೂತಿತ್ತು. ಚಾಚಾರ ಕೈ ಹಿಡಿದು ಆ ಜಾಗದ ಮೇಲೆ ಇಟ್ಟೆ.

ಚಾಚಾ ತಂತಿಯ ತುದಿ ಕೊಕ್ಕೆ ಮಾಡಿ, ಬಾಯಿಯಿಂದ ಒಳಗೆ ಇಳಿಸಿ, ಆ ಮೂಲೆಯನ್ನು ಕೆದಕಿದರು. ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ ಏನೋ ಮೆತ್ತಗೆ ಸಿಕ್ಕಿತು. ಎಳೆದು ಹೊರಗೆ ತೆಗೆದರೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಮುದ್ದೆ, ಮೇಲೆ ಸುಣ್ಣ ಗಟ್ಟಿಯಾಗಿ ಕೂತಿದೆ. ಮಾವನವರು ತುರುಕಿದ ಅತ್ತೆಯ ಸೀರೆಯ ಚೂರು! ಹಬ್ಬದ ದಿನ ಬೆಲ್ಲ ಕರಗಿದಾಗ ಅರ್ಧ ಹೊರಗೆ ಬಿದ್ದು, ಇನ್ನರ್ಧ ಒಳಗೆ ಜಾರಿ, ಮೂಲೆಯಲ್ಲಿ ಸುಣ್ಣದ ಚಿಪ್ಪಿನೊಳಗೆ ಪೆಟ್ರೋಲು ಕುಡಿದುಕೊಂಡು ಕೂತುಬಿಟ್ಟಿತ್ತು. ಎಷ್ಟು ನೀರು ಹಾಕಿ ಕುಲುಕಿದರೂ ಅದು ಅಲುಗಿರಲಿಲ್ಲ.

ಚಾಚಾ ಅದನ್ನು ಕಲ್ಲಿನಿಂದ ಜಜ್ಜಿದರು. ಮಾವನವರನ್ನು ಕರೆಸಿದರು. ಎಲ್ಲರನ್ನೂ ಹಿಂದೆ ಸರಿಸಿ, ಉದ್ದನೆಯ ಕೋಲಿನ ತುದಿಗೆ ಆ ಚೂರನ್ನು ಸಿಕ್ಕಿಸಿ ಒಲೆಗುಂಡಿಯ ಮೇಲೆ ಹಿಡಿದರು. ಬುಸ್ಸೆಂದು ಬೆಂಕಿ ಮೊಳದೆತ್ತರ ಎದ್ದು ಜೋತುಬಿದ್ದ ಬೇವಿನ ಎಲೆ ಸುಟ್ಟಿತು. ನಮ್ಮವರು ನಿಂತಲ್ಲೇ ಕುಕ್ಕರಿಸಿದರು. ಅವರು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ ಟಾಕಿ ಅದು. ಮಾವನವರು ಬಹಳ ಹೊತ್ತು ಆ ಕೋಲಿನ ತುದಿಯನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ, ಸೊಸೆಯ ಮೇಲೆ ಸಿಟ್ಟಾದಷ್ಟು ನನ್ನ ಮೇಲೆ ನಾನೇ ಸಿಟ್ಟಾಗಬೇಕು ಎಂದು ಅತ್ತೆಯ ಮುಂದೆ ಹೇಳಿದರಂತೆ. ನನ್ನ ಮುಂದೆ ಹೇಳಲಿಲ್ಲ. ಆದರೆ ಆ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು "ಯವ್ವಾ" ಎಂದು ಕರೆಯತೊಡಗಿದರು.

ಟಾಕಿಯನ್ನು ಮತ್ತೆ ಏಳು ಸಲ ತೊಳೆದು ಬಿಸಿಲಿಗಿಟ್ಟರು. ನಾಲ್ಕನೆಯ ದಿನ ನಾನು ಮೂಸಿದೆ. ಬೂದಿ, ತಗಡು, ಬಿಸಿಲು. ಮತ್ತೇನೂ ಇಲ್ಲ. ಇಲ್ಲವೆಂದೆ. "ಇನ್ನೊಮ್ಮಿ ನೋಡು" ಎಂದರು ಚಾಚಾ. ನೋಡಿದೆ. ನನ್ನ ಎದೆ ಬಡಿದುಕೊಳ್ಳುವುದು ಟಾಕಿಯೊಳಗಿನಿಂದ ಕೇಳಿದ ಹಾಗಾಯಿತು. "ಇಲ್ಲರಿ ಚಾಚಾ" ಎಂದೆ. ಅವರು ಇನ್ನು ಏನೂ ಕೇಳಲಿಲ್ಲ. ಆ ಮಾತಿನ ಮೇಲೆ ತಮ್ಮ ಜೀವ ಇಟ್ಟುಬಿಟ್ಟರು.

ಟಾಕಿಯನ್ನು ಬೋರಲು ಮಾಡುವ ಮುನ್ನ, ಒಳಗೆ ಪೆಟ್ರೋಲಿನ ಆವಿಗೆ ಜಾಗ ಉಳಿಯದಂತೆ, ಅದರೊಳಗೆ ಸಂದಿಯ ಹತ್ತಿರದ ತನಕ ನೀರು ತುಂಬಿಸಿ ಬಾಯಿ ಬಿಗಿದರು. ಅದರ ಮೇಲೂ, ಕಾದ ಗಾಳಿ ಹೊರಗೆ ಹೋಗಲೆಂದು, ಸಂದಿಯ ತುದಿಯನ್ನು ಕೊನೆಗೆ ಮುಚ್ಚಲು ಬಿಟ್ಟರು. ನಮ್ಮನ್ನೆಲ್ಲ ಬಾಗಿಲ ಒಳಗೆ ಕಳಿಸಿದರು. ಚಾಚಿಯನ್ನೂ ಕಳಿಸಿದರು, ಅಂದು ತಿದಿಯನ್ನು ಎಡಗೈಯಿಂದ ತಾವೇ ಒತ್ತಿದರು. ಚಾಚಿ ನನ್ನ ಪಕ್ಕ ನಿಂತು ನನ್ನ ಮುಂಗೈ ಹಿಡಿದಿದ್ದರು, ಬಳೆ ಒಡೆಯುವಷ್ಟು ಬಿಗಿಯಾಗಿ. ಬೇವಿನ ಕೆಳಗೆ ಒಬ್ಬರೇ ಕೂತ ಚಾಚಾ ಬಿಸ್ಮಿಲ್ಲಾ ಎಂದದ್ದು ತುಟಿ ಅಲುಗಿದ್ದರಿಂದ ತಿಳಿಯಿತು. ತಾಮ್ರದ ತುದಿಯ ಸಲಾಕೆ ಕೆಂಪಗೆ ಮೇಲೆದ್ದಿತು. ನವಸಾಗರದ ಬಿಳೀ ಹೊಗೆ ಎದ್ದು ಅವರನ್ನು ಮುಚ್ಚಿತು. ಆ ಹೊಗೆ ಕರಗಲು ಎಷ್ಟು ಹೊತ್ತು ಹಿಡಿಯಿತೋ ನಾನರಿಯೆ. ಈಗಲೂ ಕೆಲವು ಸಲ ಹಗಲಿನ ಜೊಂಪಿನಲ್ಲಿ ನಾನು ಆ ಬಾಗಿಲಲ್ಲಿ ನಿಂತಿರುತ್ತೇನೆ, ಹೊಗೆ ಕರಗುವುದೇ ಇಲ್ಲ. ಅಂದು ಕರಗಿತು. ಚಾಚಾ ಅಲ್ಲೇ ಕೂತಿದ್ದರು, ಬೆಸುಗೆಯ ಬೆಳ್ಳಿಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಮುಖದ ಮೇಲೆ ಅದೇ ಬೆರಗು.

ಆ ಗಾಡಿ ಮುಂದೆ ಹನ್ನೊಂದು ವರ್ಷ ಓಡಿತು. ಬೇರೆಲ್ಲ ಕಡೆ ಕೆಟ್ಟಿತು, ಆ ಗೆರೆ ಮಾತ್ರ ಬಿಡಲಿಲ್ಲ. ಕಾರಹುಣ್ಣಿಮೆಗೆ ಅದರ ಮೈ ತೊಳೆಯುವುದನ್ನು ಮಾವನವರು ಬಿಟ್ಟರು, ಕೋಡಬಳೆ ಮಾತ್ರ ಕಟ್ಟುತ್ತಿದ್ದರು. ನನ್ನ ಮಗಳು ಹುಟ್ಟಿದಳು. ಹನ್ನೆರಡನೆಯ ದಿನ ಚಾಚಾ ಅಂಗೈಯೊಳಗೆ ಕೂಡುವಂಥ ಒಂದು ಹಿತ್ತಾಳೆಯ ಬಟ್ಟಲಿಗೆ ಕಲಾಯಿ ಮಾಡಿ ತಂದು ಕೊಟ್ಟರು. ಕೂಸಿನ ನೆತ್ತಿಯಿಂದ ಎಂಥ ವಾಸನೆ ಬರುತ್ತದೆ ಎಂದು ಕೇಳಿದರು. ನಾನು ಎರಡು ಸಲ ಮೂಸಿ, ಬೆಚ್ಚಗಿನ ಹಾಲಿನ ಹಾಗೆ, ಸ್ವಲ್ಪ ಹೊಸ ಜೋಳದ ಹಿಟ್ಟಿನ ಹಾಗೆ ಎಂದೆ. ಅವರು ಕಣ್ಣು ಮುಚ್ಚಿದರು. ತಮಗೆ ಮಕ್ಕಳಿಲ್ಲ ಎಂದು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ.

ಹೀಗೆ ಏಳೆಂಟು ವರ್ಷ ನಾನು ಅವರಿಗೆ ಊರಿನ ವಾಸನೆ ಹೇಳುತ್ತ ಬಂದೆ. ಒಂದು ಸಲವೂ ಸುಳ್ಳು ಹೇಳಲಿಲ್ಲ. ಅವರ ಅಂಗಿ ನಾರುತ್ತಿದೆ ಎಂಬುದನ್ನೂ ಮುಖಕ್ಕೆ ಹೇಳಿದ್ದೇನೆ, ಅವರು ನಕ್ಕು ಚಾಚಿಯ ಕಡೆ ಕೈ ತೋರಿಸಿದ್ದಾರೆ. ಅಷ್ಟರಲ್ಲಿ ಮನೆಮನೆಗೆ ಜರ್ಮನ್ ಪಾತ್ರೆಗಳು, ಅಂದರೆ ಅಲ್ಯುಮಿನಿಯಂನವು, ಬಂದವು. ಅವಕ್ಕೆ ಕಲಾಯಿ ಬೇಡ. ಬೇವಿನ ಮರದ ಕೆಳಗೆ ಹೊಗೆ ಏಳುವ ದಿನಗಳು ಕಡಿಮೆಯಾದವು. ಆ ಹೊಗೆ ಆಗಲೇ ಚಾಚಾರ ಎದೆಯೊಳಗೂ ಇಳಿದಿತ್ತು. ಕೆಮ್ಮಿ ಕೆಮ್ಮಿ ಅವರು ತೆಳ್ಳಗಾದರು.

ಕೊನೆಯ ಬೇಸಿಗೆ. ಚೈತ್ರದ ನಡು, ಮಳೆಗೆ ಇನ್ನೂ ಎರಡು ತಿಂಗಳು. ಚಾಚಿ ಕರೆದರೆಂದು ಮಧ್ಯಾಹ್ನ ಹೋದೆ. ಚಾಚಾ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆ ಕೋಣೆಯಲ್ಲಿ ಬೇನೆಯ ವಾಸನೆ ಇತ್ತು, ಕಷಾಯ, ಬೆವರು, ರಕ್ತ ಬಿದ್ದ ಬಟ್ಟೆ. ಮತ್ತೇನೂ ಇರಲಿಲ್ಲ. ನನ್ನ ಕಾಲ ಸಪ್ಪಳ ಗುರುತಿಸಿ ಈ ಕಡೆ ಹೊರಳಿದರು.

"ಏನ್ ವಾಸನಿ ಬಂತು ಮಗಳ?"

"ಮಳಿ ವಾಸನಿ ಬರಾಕತ್ತೈತಿ ಚಾಚಾ," ಎಂದೆ. "ಮಾಡಗ್ಯಾಳ ಕಡಿಂದ. ಕರಿನೆಲಾ ತೊಯ್ದ ವಾಸನಿ."

ಅವರು ಕಣ್ಣು ಮುಚ್ಚಿದರು. "ಇನ್ನೊಮ್ಮಿ ನೋಡು."

ನಾನು ಬಾಗಿಲ ಕಡೆ ತಿರುಗಿ ಉಸಿರೆಳೆದೆ. ಕಾದ ಧೂಳು, ಬೇವಿನ ಒಣ ಹೂವು. ಕಣ್ಣೀರು ಮೂಗಿನೊಳಗೆ ಇಳಿದು ಅದೂ ತಿಳಿಯದಾಯಿತು. "ಹೌದ್ರಿ, ಮಳೀನ" ಎಂದೆ.

ಹುಬ್ಬಿಲ್ಲದ ಆ ಮುಖದಲ್ಲಿ ಮೆಲ್ಲಗೆ ನಗು ಮೂಡಿತು. "ಇದು ನಿನ್ನ ಮೊದಲನೇ ಸುಳ್ಳು," ಎಂದರು ಚಾಚಾ. "ಇರ್ಲಿ ಬಿಡು ಮಗಳ. ಇಲ್ಲಿ ಯಾರೂ ಬೆಂಕಿ ಹಚ್ಚಾವ್ರಿಲ್ಲ."

ಮೂರನೆಯ ದಿನ ಅವರು ಹೋದರು. ಚಾಚಾ ಉಳಿಸಿಕೊಟ್ಟ ನನ್ನ ಗಂಡ ಆಮೇಲೆ ನಲವತ್ತು ವರ್ಷ ಬದುಕಿದರು. ಅವರ ಮೈಯಿಂದ ಬರುತ್ತಿದ್ದ ಚಿಮಣಿ ಎಣ್ಣೆಯ ವಾಸನೆಗೆ ನಾನು ಎಂದೂ ಮೂಗು ಮುಚ್ಚಲಿಲ್ಲ.

ಆ ವರ್ಷ ಮೊದಲ ಮಳೆ ಬಿದ್ದಾಗ ನಾನು ಸೆರಗು ತಲೆಯ ಮೇಲೆಳೆದುಕೊಂಡು ಓಣಿ ದಾಟಿ ಬೇವಿನ ಮರದ ಕೆಳಗೆ ಹೋದೆ. ಒಲೆಗುಂಡಿಯಲ್ಲಿ ನೀರು ನಿಂತಿತ್ತು. ಮಳೆ ಬಂತು ಚಾಚಾ ಎಂದೆ. ಆಮೇಲೆ ಇನ್ನೊಮ್ಮೆ ಉಸಿರೆಳೆದು ನೋಡಿದೆ. ಖರೆ ಇತ್ತು.